ಒಂದು ಹಿಡಿ ಸ್ಯಾಂಪಲ್

ಆಲ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಕಾಫಿ ಬೆಳೆಗಾರರೊಬ್ಬರು, ಸಾಫ್ಟ್‌ವೇರ್ ಕೆಲಸ ಹುಡುಕುತ್ತಿದ್ದ ತಮ್ಮನ ಮಗಳಿಗೆ ಇಡೀ ಸ್ಟ್ಯಾಂಡಿಗೆ ಕೇಳುವಂತೆ ಬಯ್ಯುತ್ತಿದ್ದರು.

"ಇಂಟರ್‌ವ್ಯೂಗೆ ಅಂತ ಇಡೀ ಆಪ್ ಮಾಡಿ ಕೊಟ್ಯಾ ನಾಗಶ್ರೀ?"

"ಅದು ಟೆಸ್ಟು ದೊಡ್ಡಪ್ಪ. ಎಲ್ಲಾ ಕಂಪನಿಯವ್ರೂ ಕೇಳ್ತಾರೆ."

"ಸಂಬಳ ಎಷ್ಟಂತೆ?"

"ಇನ್ನೂ ಹೇಳಿಲ್ಲ. ಆಪ್ ಮಾತ್ರ ಆಗ್ಲೇ ಅವ್ರ ಸೈಟಲ್ಲಿ ಓಡ್ತಿದೆ."

"ಅಯ್ಯೋ ಮಾರಾಯ್ತಿ! ಕಾಫಿ ಸ್ಯಾಂಪಲ್ ಕೇಳಿದ್ರೆ ಒಂದು ಹಿಡಿ ಕೊಡ್ತೀವಿ. ನೀನು ರೇಟೂ ಮಾತಾಡ್ದೆ ಮೂಟೆನೇ ಇಳಿಸಿ ಬಂದಿದೀಯಲ್ಲ!"

"ಕೊಡ್ಲಿಲ್ಲ ಅಂದ್ರೆ ಬೇರೆಯವ್ರನ್ನ ತಗೋತಾರೆ."

"ತಗೊಳ್ಲಿ ಬಿಡು! ಗಟ್ಟಿಯಾಗಿ ಆಗಲ್ಲ ಅನ್ನೋದು ಕಲಿ ಮೊದ್ಲು."

ಬಸ್ ಬಂತು. ಅವರು ಕಾಲ ಬಳಿಯಿದ್ದ ಚೀಲ ಎತ್ತಲು ನೋಡಿದರು, ಅದು ಮೇಲೇಳಲಿಲ್ಲ.

"ಇದೇನು ದೊಡ್ಡಪ್ಪ, ಇಷ್ಟು ಭಾರ?"

"ಸ್ಯಾಂಪಲ್ಲು. ಹೊಸ ವ್ಯಾಪಾರಿ, ಸ್ವಲ್ಪ ಜಾಸ್ತಿನೇ ತನ್ನಿ ಅಂದಿದಾನೆ."

ಅವಳು ಅವರನ್ನೇ ನೋಡುತ್ತ ನಿಂತಳು.

"ಏನು ನೋಡ್ತೀಯ? ಆ ಕಡೆ ಹಿಡ್ಕೋ."