ಹತ್ತು ನಿಮಿಷದ ಆಚೆ ಕೇಳಿದ ದನಿ

ಮಧುಗಿರಿಯಲ್ಲಿ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ನಾನು, ಹೊಸದಾಗಿ ಸೇರಿದ್ದ ಶ್ರೀಲತಾ ಮತ್ತು ಜನರೇಟರ್ ನೋಡಿಕೊಳ್ಳುವ ಹಿರಿಯರಾದ ಓಬಳಯ್ಯ, ಮೂವರೇ ಇದ್ದೆವು. ಪರದೆಯ ಮೇಲೆ ‘ಸಮಯ ಮೀರಿದೆ’ ಎಂದು ಬಂದಾಗ ಶ್ರೀಲತಾ ದೊಡ್ಡ ಕೆಲಸವೊಂದಕ್ಕೆ ಆಗಲೇ ಕೊಟ್ಟಿದ್ದ ಆದೇಶವನ್ನು ಮತ್ತೆ ಕೊಡಲು ಹೋದಳು.

“ಮುಟ್ಬ್ಯಾಡ ಕಣಮ್ಮ,” ಎಂದರು ಓಬಳಯ್ಯ. “ಕಾಯೋದ್ನ ಬುಟ್ಟಿರೋದು ಪರದೆ. ಒಳಗೆ ಕೆಲ್ಸ ಇನ್ನೂ ನಡೀತೈತೆ.”

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅವರು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು.

“ಇದೆಲ್ಲ ಈ ಮುದುಕಂಗೆ ಹೆಂಗೆ ಗೊತ್ತು ಅಂತೀಯಾ? ಗಂಗಾಂಬಿಕಮ್ಮ ಹೇಳ್ಕೊಟ್ಟಿದ್ಲು. ಕೊರಟಗೆರೆಯೋಳು, ಇದೇ ಕುರ್ಚೀಲಿ ಕೂತು ಕೆಲ್ಸ ಮಾಡ್ತಿದ್ಲು. ಈ ಒಂದು ದೊಡ್ಡ ಪೆಟ್ಟಿಗೆ ಒಳಗೆ ಹತ್ತಾರು ಕಂಪ್ಯೂಟ್ರು ಅವೆ, ಕಣ್ಣಿಗೆ ಕಾಣಾಕಿಲ್ಲ ಅಷ್ಟೇಯ. ಒಂದಿನ ಹಳೇ ಪೆಟ್ಟಿಗೆ ಬಿಸಿಯಾಗಿ ಕೆಡೋ ಹಂಗಾಯ್ತು. ಯಾವ ರಕ್ತ ಯಾರಿಗೆ ಹೊಂದ್ತದೆ ಅಂತ ತೋರ್ಸೋ ಕಂಪ್ಯೂಟ್ರನ್ನ ಹೊಸ ಪೆಟ್ಟಿಗೆಗೆ ಸಾಗ್ಸಾಕೆ ಹಚ್ಚಿದ್ಲು. ಅದಕ್ಕೆ ಮುಕ್ಕಾಲು ಗಂಟೆ ಬೇಕು... ಪರದೆ ಕಾಯೋದು ಹತ್ತೇ ನಿಮ್ಷ.

“ಅದೇ ಹೊತ್ಗೆ ಗೌಡಗೆರೆ ಕಡೆಯಿಂದ ಹೆರಿಗೆಗೆ ದಾಸಮ್ಮ ಅನ್ನೋಳ್ನ ಕರ್ಕೊಂಬಂದ್ರು. ರಕ್ತ ಹೋಗ್ತಾ ಐತೆ. ಈ ಬಾಗ್ಲ ಮುಂದೇನೇ ಸ್ಟ್ರೆಚರ್ ನಿಂತಿತ್ತು. ‘ಎಷ್ಟೊತ್ತಾಯ್ತದಮ್ಮ?’ ಅಂತ ಆ ಹೆಂಗ್ಸು ಇವಳ್ನೇ ಕೇಳ್ತು. ‘ಐದೇ ನಿಮ್ಷ’ ಅಂದ್ಲು ಇವ್ಳು. ಅಷ್ಟ್ರಲ್ಲಿ ಸಮಯ ಮೀರಿದೆ ಅಂತ ಬಂತು. ಮೇಲಿನೋರು ಫೋನ್ ಮಾಡಿ, ಇನ್ನೊಂದ್ಸಲ ಅಪ್ಪಣೆ ಕೊಡು ಅಂದ್ರು. ಕೊಟ್ಬುಟ್ಲು. ಮೊದಲ್ನೇದು ಒಳಗೆ ಅರ್ಧ ದಾರೀಲಿತ್ತು, ಎರಡ್ನೇದು ಹೋಗಿ ಅದಕ್ಕೆ ಅಡ್ಡ ಬಿತ್ತು. ಕಂಪ್ಯೂಟ್ರು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ರಕ್ತಾನ ಮತ್ತೆ ಕೈಯಾಗೆ ಪರೀಕ್ಷೆ ಮಾಡಿ ತರೋ ಹೊತ್ಗೆ... ಮಗು ಉಳೀತು. ತಾಯಿ ಉಳೀಲಿಲ್ಲ.”

ಶ್ರೀಲತಾ ಬಾಗಿಲ ಕಡೆಗೆ ನೋಡಿದಳು.

“ಯಾರೂ ಇವಳ್ನ ಬಯ್ಲಿಲ್ಲ. ತಿಂಗ್ಳಾದ್ಮೇಲೆ ಇನ್ನೊಂದನ್ನ ಸಾಗಿಸ್ಬೇಕಾಗಿ ಬಂತು. ಹತ್ ನಿಮ್ಷ ಮೀರ್ತು, ಅವಳ ಕೈ ಮತ್ತೆ ಅಪ್ಪಣೆ ಕೊಡಾಕೇ ಹೋಯ್ತು. ಬೆನ್ನ ಹಿಂದೆ, ಮೆತ್ತಗೆ... ‘ಎಷ್ಟೊತ್ತಾಯ್ತದಮ್ಮ?’ ತಿರುಗಿದ್ರೆ ಯಾರೂ ಇಲ್ಲ. ಒಳಗಿನ ಕೆಲ್ಸಕ್ಕೆ ಕೊಟ್ಟಿರೋ ನಂಬರ್ ಹಾಕಿ ನೋಡಿದ್ಲು. ನೂರಕ್ಕೆ ಅರವತ್ತೆರಡು ಆಗಿತ್ತು, ನಿಂತಿರ್ಲಿಲ್ಲ. ಆವತ್ನಿಂದ ಯಾವ ದೊಡ್ಡ ಕೆಲ್ಸ ಹಚ್ಚಿದ್ರೂ ನಿಮ್ಷಕ್ಕೊಂದ್ಸಲ ನೋಡೋಳು, ಬಾಗ್ಲಿಗೆ ಬಂದು ಯಾರೂ ಇಲ್ದಿರೋ ವರಾಂಡಕ್ಕೆ ಹೇಳೋಳು. ‘ಎಪ್ಪತ್ತಾಯ್ತಮ್ಮ... ಎಂಬತ್ತಾಯ್ತಮ್ಮ.’ ಜನ ತಲೆ ಕೆಟ್ಟೈತೆ ಅಂದ್ರು. ತಡೀಲಾರ್ದೆ ಸಿರಾದಾಗೆ ಬೇರೆ ಆಫೀಸ್ನಾಗೆ ಇದೇ ಕೆಲ್ಸ ಹಿಡಿದ್ಲು.”

“ಅಲ್ಲಿ ಸರಿಹೋದ್ರಾ?” ಎಂದು ಶ್ರೀಲತಾ ಕೇಳಿದಳು.

ಓಬಳಯ್ಯ ಪರದೆಯ ಕಡೆಗೊಮ್ಮೆ ನೋಡಿದರು.

“ಹೋದ್ವಾರ ಫೋನ್ ಮಾಡಿದ್ಲು. ‘ಹೊಸ ಕಟ್ಟಡ, ಇಲ್ಲಿ ಯಾರೂ ಸತ್ತಿಲ್ಲ ಓಬಳಯ್ಯ. ಆದ್ರೆ ಈಗ ಹತ್ ನಿಮ್ಷಾನೂ ಬುಡಲ್ಲ, ಅಪ್ಪಣೆ ಕೊಟ್ಟ ತಕ್ಷಣಾನೇ ಕೇಳ್ತಾಳೆ’ ಅಂದ್ಲು. ಸುಮ್ಕಿರಮ್ಮ, ನಿನ್ನ ಮನಸ್ಸಿಂದು ಅದು ಅಂತ ನಾನು ಸಮಾಧಾನ ಹೇಳ್ತಿದ್ದೆ... ‘ಅಗೋ, ಕೇಳಿ’ ಅಂದ್ಲು. ಫೋನ್ನಾಗೆ ಇನ್ನೊಂದು ದನಿ ಬಂತು ಕಣಮ್ಮ, ಗೌಡಗೆರೆ ಸೀಮೆ ಮಾತು. ‘ಎಷ್ಟೊತ್ತಾಯ್ತದಪ್ಪ?’ ಅಂತ ಈ ಸಲ ಕೇಳಿದ್ದು ನನ್ನ.”