ಫ್ಲೆಕ್ಸ್‌ನಲ್ಲಿ ಮೊಳೆತ ಬಲಗೈ

ಆರ್.ಟಿ. ನಗರದ ಫ್ಲೆಕ್ಸ್ ಅಂಗಡಿಯಲ್ಲಿ ತನ್ನ ಖಾನಾವಳಿಯ ಬೋರ್ಡಿಗಾಗಿ ಕಾದು ಕೂತಿದ್ದ ವಿಶ್ವನಾಥನಿಗೆ ಪಕ್ಕದವರ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಕಂಪ್ಯೂಟರಿನ ಪರದೆ ತುಂಬ ಅಂಗವಿಕಲ ಓಟಗಾರರ ಅಖಿಲ ಭಾರತ ಸಂಘದ ಕಾರ್ಯದರ್ಶಿ ಪಂಚಪ್ಪನವರ ನಗುಮುಖ. ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ, ವಿದೇಶದಲ್ಲಿ ಪದಕ ಗೆದ್ದು ಬಂದ ಜೈನಾಬ್. ಇಬ್ಬರೂ ಪರದೆಯ ಮುಂದೆಯೇ ನಿಂತಿದ್ದರು.

"ಸಾರ್, ನನ್ಗೆ ಈ ಬಲಗೈ ಯಾವಾಗ ಬಂತು?"

"ಎಡಗೈಲಿ ಪದಕ ಐತಲ್ಲಮ್ಮ. ಬಾವುಟ ಹಿಡಿಯೋಕೆ ಇನ್ನೊಂದು ಬೇಕಲ್ಲ, ಅಂಟಿಸೋಕೆ ಹೇಳ್ದೆ."

"ಅಲ್ಲಿ ನಾನು ಬಾವುಟ ಹಿಡೀಲೇ ಇಲ್ವಲ್ಲ ಸಾರ್. ದೇಶದ ಹೆಸ್ರೂ ಹಾಕ್ಕೊಳ್ಳಂಗಿಲ್ಲ ಅಂದ್ರು."

"ಅದು ಹೊರಗಿನೋರ ದರ್ಪ ಕಣಮ್ಮ."

"ಕಾರ್ಯದರ್ಶಿ ನಾನು ಅಂತ ನೀವೂ, ನಾನು ಅಂತ ನಿಮ್ ಭಾವಮೈದನೂ ಕೋರ್ಟಿಗೆ ಹೋದ್ರಿ. ಅದ್ಕೇ ಸಂಘ ಸಸ್ಪೆಂಡ್ ಆಯ್ತು, ಬಾವುಟ ಹೋಯ್ತು. ನಾನು ಯಾವ ದೇಶದೋಳೂ ಅಲ್ದಂಗೆ ಓಡ್ದೆ."

"ಆಗಿದ್ದು ಆಗೋಯ್ತು, ಬಿಡಮ್ಮ."

"ಕೈನೂ ತೆಗೆಸಿ, ಬಾವುಟನೂ ತೆಗೆಸಿ ಸಾರ್."

"ಫ್ಲೆಕ್ಸು ಬೋಳು ಬೋಳಾಗಿ ಕಾಣುತ್ತಲ್ಲಮ್ಮ!"

"ಪದಕ ಹಾಕ್ದಾಗ ನನ್ಗೆ ಅಂತ ಏರಿಸಿದ್ ಬಿಳೀ ಬಾವುಟನೂ ಹಂಗೇ ಬೋಳಾಗಿತ್ತು ಸಾರ್."

ಜೈನಾಬ್ ಎಡಗೈಯಲ್ಲಿ ದುಪಟ್ಟಾ ಸರಿಮಾಡಿಕೊಂಡು ಮೆಟ್ಟಿಲಿಳಿದು ಬಸ್ ಸ್ಟಾಪಿನತ್ತ ನಡೆದಳು. ಮನುಷ್ಯ ಈಗಲಾದರೂ ತಲೆ ತಗ್ಗಿಸಿಯಾನು ಎಂದು ವಿಶ್ವನಾಥ ಪಂಚಪ್ಪನವರನ್ನೇ ನೋಡುತ್ತ ಕೂತ. ಅವರು ಬೆರಳಲ್ಲಿ ಕಾರಿನ ಕೀ ತಿರುಗಿಸುತ್ತ ಹೊರಟವರು, ಬಾಗಿಲಲ್ಲಿ ನಿಂತು ಅಂಗಡಿಯವನಿಗೆ ಹೇಳಿದರು:

"ಅವಳ್ನ ತೆಗೆದಾಕು ಗುರು. ಬಾವುಟ ನನ್ ಕೈಗೆ ಕೊಡು."