ಎದುರಿನವರ ದೀಪ

ಹೆದರುವವರು ಈಗಲೇ ಗೋಡೆಯ ಕಡೆ ಸರಿದು ಕೂರಿ. ನಡುವೆ ಎದ್ದು ಹೋಗುವ ಹಾಗಿಲ್ಲ. ಇದು ಯಾರೋ ಯಾರಿಗೋ ಹೇಳಿ, ಅವರು ನನಗೆ ಹೇಳಿದ್ದಲ್ಲ. ನನ್ನ ಸ್ವಂತ ಚಿಕ್ಕಮ್ಮನ ಮಗನಿಗೆ ಆದದ್ದು. ನಾನು ಭೌತಶಾಸ್ತ್ರ ಓದಿ ಪದವಿ ಪಡೆದವಳು. ಮನೆಯ ಹುಟ್ಟು, ಸಾವು, ಮದುವೆ, ಯಾರಿಗೆ ಯಾವಾಗ ಜ್ವರ ಬಂತು ಎಂಬುದನ್ನೂ ತಾರೀಖು ಹಾಕಿ ಬರೆದಿಡುವವಳು. ಇದನ್ನೂ ಬರೆದಿಟ್ಟಿದ್ದೇನೆ. ದೆವ್ವ ಎಂಬ ಮಾತನ್ನು ಮಾತ್ರ ಬರೆದಿಲ್ಲ. ಕಂಡದ್ದನ್ನು ಬರೆಯಬಹುದು, ಕಾಣದ್ದಕ್ಕೆ ಹೆಸರಿಡುವುದು ಹೇಗೆ?

ಒಂದು ರಾತ್ರಿ ನಮ್ಮ ಸಣ್ಣ, ಸ್ಕೂಟರ್ ತಳ್ಳಿಕೊಂಡು ಮನೆಗೆ ನಡೆದು ಬರುತ್ತಿದ್ದ. ಸಣ್ಣ ಎಂದರೆ ಅವನೇ, ಚಿಕ್ಕಮ್ಮನ ಮಗ. ಐವತ್ತು ದಾಟಿದರೂ ನಮಗೆ ಅವನು ಸಣ್ಣನೇ. ಐಸ್ ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ನೋಡಿಕೊಳ್ಳುವ ಕೆಲಸ. ಮಧ್ಯಾಹ್ನ ಹೋದರೆ ವಾಪಸು ಬರುವುದು ಊರೆಲ್ಲ ಮಲಗಿದ ಮೇಲೆ. ಮದುವೆಯಾಗಲಿಲ್ಲ. ಐಸಿನ ಜೊತೆ ಇದ್ದೂ ಇದ್ದೂ ಇವನೂ ತಣ್ಣಗಾಗಿ ಹೋದ ಎಂದು ನಮ್ಮವರು ಆಡಿಕೊಳ್ಳುತ್ತಿದ್ದರು. ಚಿಕ್ಕಮ್ಮ ತೀರಿಕೊಂಡ ಮೇಲೆ ಮಹಡಿಯ ಮೇಲೆ ಒಂದು ಬಾಡಿಗೆ ಕೋಣೆ, ಒಂದು ತಟ್ಟೆ, ಒಂದು ಲೋಟ. ಮಾತಾಡಬೇಕೆಂದರೆ ಗಡಿಯಾರದ ಜೊತೆ ಮಾತಾಡಬೇಕು.

ಫ್ಯಾಕ್ಟರಿಯಿಂದ ಬರುವ ರಸ್ತೆ ಕಿರಿದು. ನಡುವೆ ಒಂದು ತಿರುವು. ತಿರುವಿನಲ್ಲೇ ಹಳೆಯ ಬಾವಿ, ಮೊಣಕಾಲೆತ್ತರದ ಕಟ್ಟೆ. ಸ್ವಲ್ಪ ಹಿಂದೆ ಗುಂಡಿಗೆ ಇಳಿದು ಸ್ಕೂಟರ್ ಮಗುಚಿತ್ತು. ಮಂಡಿ ಒಡೆದು ರಕ್ತ ಬರುತ್ತಿತ್ತು. ಕುಂಟುತ್ತ ಬರುತ್ತಿದ್ದ. ಸರ್ರ್... ಟಪ್. ಸರ್ರ್... ಟಪ್. ಅದು ಅವನ ಚಪ್ಪಲಿ. ಟಿಣ್... ಟಿಣ್. ಅದು ಬಿಸಿ ಆರುತ್ತಿದ್ದ ಸೈಲೆನ್ಸರ್. ಬಾವಿಯೊಳಗೆ ಒಂದು ಕಪ್ಪೆ, ಅದೂ ಕೂಗಿ ಕೂಗಿ ಸುಮ್ಮನಾಯಿತು.

ಆಗ ದೂರದಲ್ಲಿ... ಡುರ್ರ್ರ್...

ಎದುರಿನಿಂದ ಒಂದು ಹಳದಿ ದೀಪ ಬಂತು. ಹತ್ತಿರ ಬಂದು ಮಂದವಾಯಿತು. ಅವನ ಪಕ್ಕಕ್ಕೆ ಬಂದಾಗ ಇನ್ನೂ ನಿಧಾನವಾಯಿತು. "ಪೀಂ" ಎಂದು ಚಿಕ್ಕದಾಗಿ ಹಾರ್ನ್ ಹಾಕಿ ದಾಟಿ ಹೋಯಿತು. ದೀಪದ ಹಿಂದೆ ಯಾರಿದ್ದರೋ, ಇವನ ಕಣ್ಣಿಗೆ ಕತ್ತಲೆ ಕಟ್ಟಿತ್ತು.

"ಆ ಹಾರ್ನ್ ಕೇಳಿ, ಯಾರೋ ಒಬ್ರು 'ಏನಾಯ್ತಪ್ಪಾ' ಅಂತ ಕೇಳ್ದಂಗಾಯ್ತು ಅಕ್ಕ" ಎಂದು ಆಮೇಲೆ ನನ್ನ ಹತ್ತಿರ ಹೇಳಿದ.

ಆ ದೀಪ ಅವನಿಗೆ ಹೊಸದಲ್ಲ. ಎಷ್ಟೋ ವರ್ಷಗಳಿಂದ ದಿನಾ ರಾತ್ರಿ ಅದೇ ತಿರುವಿನಲ್ಲಿ ಎದುರಾಗುತ್ತಿತ್ತು. ಹಳೆಯ ಸ್ಕೂಟರಿನ ದೀಪ ಹೇಗೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಅದಕ್ಕೆ ಕರೆಂಟ್ ಬರುವುದು ಓಡುವ ಇಂಜಿನ್‌ನಿಂದ. ಆಕ್ಸಿಲರೇಟರ್ ತಿರುಗಿಸಿದರೆ ದೀಪ ಜೋರು, ಬಿಟ್ಟರೆ ಮಿಣುಕು. ಎದುರು ಯಾರಾದರೂ ಬಂದರೆ, ದೀಪ ತಗ್ಗಿಸುವ ಡಿಪ್ಪರ್ ಸ್ವಿಚ್ಚನ್ನು ಇವನು ಮುಟ್ಟುತ್ತಿರಲಿಲ್ಲ. ಬಲಗೈ ಸಡಿಲ ಬಿಡುತ್ತಿದ್ದ, ಅಷ್ಟೇ. ದೀಪ ತಾನಾಗಿ ತಲೆ ತಗ್ಗಿಸುತ್ತಿತ್ತು. ಎದುರಿನವರೂ ಹಾಗೇ ಮಾಡುತ್ತಿದ್ದರು. ಇಬ್ಬರೂ ದೀಪ ತಗ್ಗಿಸಿ, ಒಂದೊಂದು ಹಾರ್ನ್ ಹಾಕಿ, ದಾಟಿ ಹೋಗುವುದು. ಮುಖ ನೋಡಿದ್ದಿಲ್ಲ, ಮಾತಾಡಿದ್ದಿಲ್ಲ. ಇವನು ಅವರಿಗೆ ಇಟ್ಟ ಹೆಸರೇ "ಎದುರಿನವರು".

ಫ್ಯಾಕ್ಟರಿಯಲ್ಲಿ ಇದೊಂದು ತಮಾಷೆಯಾಗಿತ್ತು.

"ಮದ್ವೆ ಮಾಡ್ಕೊಳೋ ಅಂದ್ರೆ ಲೈಟ್ ಜೊತೆ ಸಂಸಾರ ಹೂಡಿದೀಯಲ್ಲೋ!"

"ನಿಮ್ಮ ಸಂಸಾರಕ್ಕಿಂತ ವಾಸಿ. ನಮ್ಮಲ್ಲಿ ಜಗಳ ಇಲ್ಲ" ಎನ್ನುತ್ತಿದ್ದ ಇವನು.

ಮಂಡಿ ಒಡೆದ ಮೇಲೆ ಬುದ್ಧಿ ಬಂತು. ಗುಂಡಿ ಕಂಡು ನಿಧಾನ ಮಾಡಿದಾಗಲೇ ದೀಪ ಕೈಕೊಟ್ಟರೆ ಏನು ಗತಿ? ಎಲ್‌ಇಡಿ ಹಾಕಿಸಲು ಗ್ರೀಸ್ ಮಾಮನ ಗ್ಯಾರೇಜಿಗೆ ಹೋದ. ಗ್ರೀಸ್ ಮಾಮ ನಿಜಕ್ಕೂ ಯಾರ ಮಾಮನೂ ಅಲ್ಲ. ಅಂಗಿಯ ಮೂಲ ಬಣ್ಣ ಯಾವುದೆಂದು ಅವನ ಹೆಂಡತಿಗೂ ಗೊತ್ತಿರಲಿಲ್ಲ.

"ಹಳೇ ವೈರ್‌ಗೇ ಸಿಕ್ಸಿದ್ರೆ ಇದು ಮಿಣಮಿಣ ಅಂತ ಕಣ್ಣು ಹೊಡೀತಾ ಇರುತ್ತೆ. ಬ್ಯಾಟ್ರಿಯಿಂದ ಲೈನ್ ಎಳೀತೀನಿ. ಆಮೇಲೆ ಗಾಡಿ ನಿಂತಿದ್ರೂ ಒಂದೇ, ಓಡ್ತಿದ್ರೂ ಒಂದೇ. ಹಾಲು ಚೆಲ್ದಂಗೆ ಬೆಳಕು" ಎಂದ ಮಾಮ.

ಹಳೆಯ ಬಲ್ಬ್ ಬಿಚ್ಚಿದ. ಹೊಸದನ್ನು ಕೂರಿಸಿದ. ಅದರ ಬೆನ್ನಿಗೊಂದು ಪುಟ್ಟ ಫ್ಯಾನ್, ಝುಂಯ್ ಎಂದು ಸದ್ದು.

"ಆದ್ರೆ ಇವತ್ತು ಗಾಡಿ ಬಿಟ್ಟುಹೋಗು. ನಿನ್ನ ಡಿಪ್ಪರ್ ಸ್ವಿಚ್ ತುಕ್ಕು ಹಿಡಿದು ಕಚ್ಕೊಂಡಿದೆ, ಬಿಚ್ಬೇಕು. ಕತ್ತಲಾದ್ಮೇಲೆ ಗೋಡೆ ಮೇಲೆ ಬೆಳಕು ಬಿಟ್ಟು ಎತ್ತರ ಸರಿಮಾಡ್ಬೇಕು. ಈ ಹಳೇ ಹೆಡ್‌ಲೈಟ್ ಡೂಮಲ್ಲಿ ಎಲ್‌ಇಡಿ ಎಲ್ಲಾ ಕಡೆ ಚೆದುರುತ್ತೆ. ಎದುರು ಬರೋರ ಕಣ್ಣು ಹೋಗುತ್ತೆ."

"ಶಿಫ್ಟ್‌ಗೆ ಹೊತ್ತಾಯ್ತು ಮಾಮ. ಭಾನುವಾರ ಬರ್ತೀನಿ."

ಭಾನುವಾರಕ್ಕೆ ಇನ್ನೂ ಸಮಯವಿತ್ತು. ಅವನು ಅದೇ ರಾತ್ರಿ ಮನೆಗೆ ಬರಬೇಕಿತ್ತು.

ರಸ್ತೆ ಕನ್ನಡಿಯ ಹಾಗೆ ಕಂಡಿತಂತೆ. ಒಂದೊಂದು ಕಲ್ಲೂ, ಒಂದೊಂದು ಹುಲ್ಲೂ. ಸಣ್ಣನಿಗೆ ಖುಷಿಯೋ ಖುಷಿ. ಎದುರಿನವರೂ ನೋಡಿ ಬೆರಗಾಗಲಿ ಎಂದುಕೊಂಡ. ತಿರುವು ಬಂತು. ಅಗೋ, ಹಳದಿ ದೀಪ. ಡುರ್ರ್ರ್...

ಇವನು ಅಭ್ಯಾಸದಂತೆ ಬಲಗೈ ಸಡಿಲ ಬಿಟ್ಟ.

ಎದುರಿನವರು ದೀಪ ತಗ್ಗಿಸಿದರು. ಇವನ ದೀಪ... ತಗ್ಗಲಿಲ್ಲ.

ಇಂಜಿನ್ ಸದ್ದು ಇಳಿಯಿತು, ಬೆಳಕು ಇಳಿಯಲಿಲ್ಲ. ಬೆಳ್ಳಗೆ, ನೆಟ್ಟಗೆ, ಅವರ ಮುಖಕ್ಕೇ. ಆಗ ಅವನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಎಡಗೈ ಹೆಬ್ಬೆರಳಿನಿಂದ ಡಿಪ್ಪರ್ ಒತ್ತಿದ. ಜಗ್ಗಲಿಲ್ಲ. ತಲೆ ಬಗ್ಗಿಸಿ ಸ್ವಿಚ್ ನೋಡಿದ, ಮತ್ತೆ ಒತ್ತಿದ. ಎದುರಿನಿಂದ ಹಾರ್ನ್ ಕೇಳಿತು. ದಿನದ ಹಾಗೆ ಚಿಕ್ಕದಲ್ಲ. ಉದ್ದಕ್ಕೆ... ಪೀ...ಯ್... ನಡುವೆಯೇ ಕತ್ತರಿಸಿದ ಹಾಗೆ ನಿಂತಿತು. ತಲೆ ಎತ್ತಿದರೆ ಹಳದಿ ದೀಪ ಬಾವಿಯ ಕಡೆ ವಾಲುತ್ತಿತ್ತು. ಡುರ್... ಡುಕ್... ಡುಕ್...

ಆಮೇಲೆ ಏನೂ ಇಲ್ಲ. ದೀಪವೂ ಇಲ್ಲ, ಸದ್ದೂ ಇಲ್ಲ. ಝುಂಯ್ ಎನ್ನುವ ಫ್ಯಾನ್ ಒಂದೇ.

"ರೀ... ಪೆಟ್ಟಾಯ್ತಾ?"

ಹ್ಯಾಂಡಲ್ ಮೇಲೆ ಬಗ್ಗಿ ಮತ್ತೆ ಕೂಗಿದ.

"ಎದುರಿನವ್ರೇ..."

ಬಾವಿಕಟ್ಟೆಯ ಹತ್ತಿರ ಸ್ಕೂಟರ್ ತಿರುಗಿಸಿ ಬೆಳಕು ಬಿಟ್ಟ. ಹುಲ್ಲು ಮಲಗಿರಲಿಲ್ಲ. ಮಣ್ಣಿನಲ್ಲಿ ಚಕ್ರದ ಗುರುತಿಲ್ಲ. ಬಾವಿಗೆ ಬಗ್ಗಿ ಕೂಗಿದ. ಅವನ ದನಿಯೇ ವಾಪಸು ಬಂತು.

ಹತ್ತಿರದ ಮನೆ ಒಬ್ಬ ದರ್ಜಿಯದು. ಬಾಗಿಲು ಬಡಿದು ಎಬ್ಬಿಸಿದ. ದರ್ಜಿ ಅವನ ಮುಖ ನೋಡಿ ಎರಡನೇ ಮಾತಾಡದೆ ಟಾರ್ಚ್, ಹಗ್ಗ, ಪಾತಾಳಗರಡಿ ತಂದ. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಅದು. ಇಳಿಬಿಟ್ಟರು. ಖಣ್... ಖಣ್... ಕಲ್ಲಿಗೆ ತಾಗುವ ಸದ್ದು. ಬಂದದ್ದು ತೂತುಬಿದ್ದ ಒಂದು ಬಕೆಟ್. ಬೆಳಗಾದ ಮೇಲೆ ಈಜು ಬಲ್ಲವರು ಇಳಿದು ತಳ ಮುಟ್ಟಿ ಬಂದರು. ಏನೂ ಇಲ್ಲ. ಪೊಲೀಸರ ಹತ್ತಿರ ಕಾಣೆಯಾದವರ ದೂರೂ ಇರಲಿಲ್ಲ.

"ಯಾರೂ ಸತ್ತಿಲ್ಲ, ಮತ್ಯಾಕೆ ಅಳ್ತೀಯೋ?" ಎಂದ ದರ್ಜಿ.

ಸಣ್ಣನಿಗೆ ಸಮಾಧಾನವಾಗಲಿಲ್ಲ. ಮರುರಾತ್ರಿ ಎದುರಿನವರು ಬರಲಿಲ್ಲ. ಅದರ ಮರುರಾತ್ರಿಯೂ ಇಲ್ಲ. ಹಳೆಯ ಸ್ಕೂಟರಿನವರು, ರಾತ್ರಿ ಪಾಳಿಗೆ ಹೋಗುವವರು ಯಾರಾದರೂ ಇದ್ದಾರಾ ಎಂದು ಆಸ್ಪತ್ರೆಯಲ್ಲಿ ಕೇಳಿದ, ಬಸ್ ಡಿಪೋದಲ್ಲಿ ಕೇಳಿದ. ಕೊನೆಗೆ ಫ್ಯಾಕ್ಟರಿಯ ಗೇಟಿನ ತಾತನನ್ನು ಕೇಳಿದ. ತಾತ ರಾತ್ರಿಯಿಡೀ ರಸ್ತೆಗೇ ಮುಖ ಮಾಡಿ ಕೂರುವವನು.

"ನಾನು ಹೋದ್ಮೇಲೆ ಈ ಕಡೆ ಒಂದು ಸ್ಕೂಟರ್ ಬರುತ್ತಲ್ಲ ತಾತ, ಅದು ಯಾರ್ದು?"

ತಾತ ಅವನನ್ನೇ ನೋಡಿದ. ದನಿ ತಗ್ಗಿಸಿ, "ನೀನು ಹೋದ್ಮೇಲೆ ಈ ರಸ್ತೇಲಿ ನಾಯಿ ಕೂಡ ಬರಲ್ಲಪ್ಪಾ" ಎಂದ.

ಬೇರೆಯವರಾಗಿದ್ದರೆ ಅಂದೇ ರಜೆ ಹಾಕಿ ಮಲಗುತ್ತಿದ್ದರು. ಇವನು ಗ್ರೀಸ್ ಮಾಮನ ಹತ್ತಿರ ಹೋಗಿ, "ಹಳೇ ಬಲ್ಬು, ಹಳೇ ಲೈನೇ ಹಾಕ್ಬಿಡು" ಎಂದ.

"ತಲೆ ಕೆಟ್ಟಿದ್ಯಾ? ಮತ್ತೆ ಗುಂಡಿಗೆ ಬೀಳ್ತೀಯ."

"ಬಿದ್ರೆ ಎದ್ದೇಳ್ತೀನಿ. ಹಾಕು."

ಹಳೆಯ ದೀಪ ಬಂತು. ಎದುರಿನವರು ಬರಲಿಲ್ಲ. ಸಣ್ಣ ಸೊರಗಿದ. ನಾನು ನೋಡಲು ಹೋದಾಗ ಕೋಣೆಯಲ್ಲಿ ಬಟ್ಟೆ ಒಗೆಯದೆ ಬಿದ್ದಿತ್ತು. ಒತ್ತಾಯ ಮಾಡಿ ಕೇಳಿದ ಮೇಲೆ ಎಲ್ಲವನ್ನೂ ಹೇಳಿದ.

"ನಂಗೆ ಅಂತ ಇದ್ದಿದ್ದು ಅವ್ರೊಬ್ರೇ ಅಕ್ಕ. ಅವ್ರ ಕಣ್ಣಿಗೇ ಹೊಡ್ದೆ. ಬದುಕಿದಾರೋ ಇಲ್ವೋ ಗೊತ್ತಾದ್ರೆ ಸಾಕು."

ಬದುಕಿದ್ದಾರೋ ಇಲ್ಲವೋ! ತಾತನ ಮಾತು ಕೇಳಿದ ಮೇಲೂ ಹೀಗೆ ಕೇಳುವವನನ್ನು ಏನೆಂದು ಬಯ್ಯುವುದು? ಊಟ ಬಡಿಸಿ, ಎದುರಿಗೆ ಕೂತು ತಿನ್ನಿಸಿ ಬಂದೆ.

ಕೆಲವು ವಾರ ಕಳೆದು ಅವನೇ ಫೋನ್ ಮಾಡಿದ. "ಅಕ್ಕ, ಒಂದ್ಸಲ ನನ್ ಜೊತೆ ಬರ್ತೀಯಾ? ನಂಗೊಬ್ನಿಗೇ ಕಾಣ್ತಿದ್ಯೋ ಏನೋ ನೋಡ್ಬೇಕು."

ಹೋದೆ. ಶಿಫ್ಟ್ ಮುಗಿಯುವವರೆಗೆ ತಾತನ ಪಕ್ಕದ ಸ್ಟೂಲಿನ ಮೇಲೆ ಕಾದೆ. ಆಮೇಲೆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಅವನ ಭುಜ ಹಿಡಿದುಕೊಂಡೆ. ಕತ್ತಲೆ ಕೈಗೆ ಸಿಗುವ ಹಾಗಿತ್ತು. ತಿರುವು ಬಂತು. ಅವನು ಬಲಗೈ ಸಡಿಲ ಬಿಟ್ಟ, ದೀಪ ಮಿಣುಕಾಯಿತು. ಎದುರಿಗೆ ಯಾರೂ ಇರಲಿಲ್ಲ. ಆದರೂ ಇವನು "ಪೀಂ" ಎಂದು ಹಾರ್ನ್ ಹಾಕಿದ. ಏನೋ ಒಂದು ನಮ್ಮ ಬಲಕ್ಕೆ ದಾಟಿದ ಹಾಗೆ ನನ್ನ ಸೆರಗು ಹಾರಿತು. ಗಾಳಿ ಇರಲಿಲ್ಲ.

"ಯಾರೂ ಇಲ್ವಲ್ಲೋ" ಎಂದೆ.

"ತಿರುಗ್ಬೇಡ. ಕನ್ನಡಿ ನೋಡು."

ಹ್ಯಾಂಡಲ್ಲಿನ ಬಲಗಡೆಯ ಕನ್ನಡಿಯಲ್ಲಿ ಒಂದು ಕೆಂಪು ದೀಪ. ಸ್ಕೂಟರಿನ ಹಿಂದಿನ ದೀಪದಷ್ಟೇ ಎತ್ತರದಲ್ಲಿ, ನಮ್ಮಿಂದ ದೂರ ಹೋಗುತ್ತಿತ್ತು. ನಾನು ಓದಿದವಳು, ಸುಮ್ಮನಿರುತ್ತೇನೆಯೇ? ಕತ್ತು ತಿರುಗಿಸಿ ನೋಡಿದೆ. ಬರೀ ಕತ್ತಲೆ. ಮತ್ತೆ ಕನ್ನಡಿ ನೋಡಿದೆ. ಇದೆ.

"ಅವತ್ತಿಂದ ಅವ್ರ ಮುಂದಿನ ದೀಪ ಹೋಗಿರ್ಬೇಕು ಅಕ್ಕ" ಎಂದು ಪಿಸುಗುಟ್ಟಿದ. "ಆದ್ರೂ ಬರ್ತಿದಾರೆ."

ಅವನು ಸ್ಕೂಟರ್ ನಿಲ್ಲಿಸಿದ. ಕಾಲು ನೆಲಕ್ಕೆ ಕೊಟ್ಟು, ಹಿಂದೆ ನೋಡದೆ, ಕತ್ತಲೆಗೆ ಕೇಳುವಷ್ಟು ಮೆಲ್ಲಗೆ ಹೇಳಿದ:

"ತಪ್ಪಾಯ್ತು ಕಣ್ರೀ."

ಕನ್ನಡಿಯಲ್ಲಿ ಆ ಕೆಂಪು ದೀಪ ಒಮ್ಮೆ ಜೋರಾಗಿ ಹೊತ್ತಿತು. ಬ್ರೇಕ್ ಒತ್ತಿದರೆ ಮಾತ್ರ ಹಾಗೆ ಹೊತ್ತುತ್ತದೆ. ಸ್ವಲ್ಪ ಹೊತ್ತು ಹಾಗೇ ಇತ್ತು... ಆಮೇಲೆ ಮಂದವಾಗಿ, ಮುಂದಕ್ಕೆ ಹೋಯಿತು.

ಯಾರು ಒತ್ತಿದರೆಂದು ನನ್ನನ್ನು ಕೇಳಬೇಡಿ. ಹೊತ್ತಿದ್ದನ್ನು ನಾನೇ, ಈ ಕಣ್ಣಿಂದಲೇ ನೋಡಿದ್ದೇನೆ.